ಬಾಗಿಲಲ್ಲಿ ನಡೆಯುವ ಸಂಭಾಷಣೆ



ಕನ್ನಡ ಪಂಡಿತನಿಗೆ ಬೀಗಮುದ್ರೆಯ ವಿಚಾರವೇಕೆಂದು ತಾವು ಶಂಕಿಸಬಹುದು. ನಮ್ಮ ಮಕ್ಕಳಲ್ಲಿ ಅನೇಕರು ಇಂದು ಕಾರ್ಡು ತೋರಿಸಿ ಕಚೇರಿಯೊಳಗೆ ಹೋಗುವವರು. ಅಂತಹ ಬಾಗಿಲುಗಳನ್ನು ಜೋಡಿಸುವ ಕಸುಬಿಗೆ ಇಳಿದವರೂ ಇದ್ದಾರೆ. ಆದುದರಿಂದ ಈ ಅರಿಕೆ.

ಗೋಡೆಯ ಮೇಲಿನ ರೀಡರು ತಾನಾಗಿ ಬಾಗಿಲನ್ನು ತೆರೆಯುವುದಿಲ್ಲ. ಕಾರ್ಡಿನ ಸಂಖ್ಯೆಯನ್ನು ಓದಿ, ತಂತಿಯ ಮೂಲಕ ಒಳಗಿರುವ ಕಂಟ್ರೋಲರಿಗೆ ಅರುಹುತ್ತದೆ. ಅಪ್ಪಣೆ ಕೊಡುವುದು ಕಂಟ್ರೋಲರು. 1980ರ ದಶಕದಿಂದ ರೂಢಿಯಾದ ವೀಗಂಡ್ ಪದ್ಧತಿಯಲ್ಲಿ ಈ ನಿವೇದನೆ ಸಾಮಾನ್ಯವಾಗಿ 26 ಬಿಟ್‌ಗಳಷ್ಟೇ: ಸಂಸ್ಥೆಯ ಗುರುತಿಗೆ 8, ಕಾರ್ಡಿಗೆ 16, ತಪ್ಪು ಹಿಡಿಯಲು 2. ಯಾವ ಗೂಢಲಿಪಿಯೂ ಇಲ್ಲ. ರೀಡರನ್ನು ಕಳಚಿ ತಂತಿಗೆ ಪುಟ್ಟ ಉಪಕರಣವೊಂದನ್ನು ಸಿಕ್ಕಿಸಿದವನು ಆ ಸಂಖ್ಯೆಯನ್ನು ಕೇಳಿಟ್ಟುಕೊಂಡು ಮರುದಿನ ಮತ್ತೆ ನುಡಿಸಬಲ್ಲನು. ಮುದ್ರಾಮಂಜೂಷವನ್ನು ಓದಿದವರು ರಾಕ್ಷಸನ ಉಂಗುರವನ್ನು ನೆನೆಯಬಹುದು: ಮುದ್ರೆ ನಿಜವಾದುದೇ, ಒತ್ತಿದ ಕೈ ಮಾತ್ರ ಚಾಣಕ್ಯನದು.

ಇದಕ್ಕೆ ಪರಿಹಾರವಾಗಿ ಬಂದುದು ಓಎಸ್‌ಡಿಪಿ. 2020ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಆಯಿತು. ಆರ್‌ಎಸ್-485 ತಂತಿಯ ಮೇಲೆ ಸುಮಾರು 1200 ಮೀಟರ್ ದೂರದವರೆಗೆ ಇದು ನಡೆಯಬಲ್ಲುದು. ಇಲ್ಲಿ ಮಾತು ಎರಡೂ ಕಡೆಯಿಂದ. ಕಂಟ್ರೋಲರು ಎಡೆಬಿಡದೆ ವಿಚಾರಿಸುತ್ತಿರುತ್ತದೆ. ರೀಡರು ಉತ್ತರಿಸದಿದ್ದರೆ ಆ ಮೌನವೇ ಎಚ್ಚರಿಕೆ. ಇದರ ಸುರಕ್ಷಿತ ಮಾರ್ಗವಂತೂ ರಸವತ್ತಾದುದು. ಆ ಕ್ಷಣಕ್ಕೆ ಹುಟ್ಟಿಸಿದ ಸಂಖ್ಯೆಗಳನ್ನು ಇಬ್ಬರೂ ವಿನಿಮಯ ಮಾಡಿಕೊಂಡು, ತಮ್ಮಲ್ಲಿರುವ ರಹಸ್ಯ ಸಂಖ್ಯೆಯನ್ನು ಉಚ್ಚರಿಸದೆಯೇ, ಅದು ತಮ್ಮಲ್ಲಿ ಉಂಟೆಂಬುದನ್ನು ಪರಸ್ಪರ ಸಿದ್ಧಪಡಿಸುತ್ತಾರೆ. ಅನಂತರದ ಮಾತೆಲ್ಲ 128 ಬಿಟ್‌ಗಳ ಎಇಎಸ್ ಗೂಢಲಿಪಿಯಲ್ಲಿ. ನಿನ್ನೆ ಕದ್ದ ನುಡಿ ಇಂದು ಸಲ್ಲದು.

ಆದರೆ ಈ ಗೂಢಲಿಪಿ ಕಡ್ಡಾಯವಲ್ಲ! ಓಎಸ್‌ಡಿಪಿ ಎಂಬ ಹೆಸರನ್ನು ಹೊತ್ತೂ ಬಯಲಿನಲ್ಲಿ ಮಾತಾಡುವ ಬಾಗಿಲುಗಳು ಇರಬಹುದು. ಆರಂಭದ ಜೋಡಣೆಗೆಂದು ಕೊಟ್ಟಿರುವ ರಹಸ್ಯ ಸಂಖ್ಯೆಯೋ ಜಗತ್ತಿಗೇ ತಿಳಿದದ್ದು. ಅದನ್ನು ಬದಲಿಸದೆ ಬಿಡುವುದು, ಕೀಲಿಕೈಯನ್ನು ಹೊಸ್ತಿಲ ಮೇಲಿಟ್ಟು ಊರಿಗೆ ಹೋದಂತೆ. 2023ರಲ್ಲಿ ಅಮೆರಿಕದ ಲಾಸ್ ವೇಗಾಸಿನಲ್ಲಿ ನಡೆದ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಇಬ್ಬರು ಸಂಶೋಧಕರು ಇಂತಹ ಸಡಿಲಗಳನ್ನೇ ತೋರಿಸಿಕೊಟ್ಟರು. ಜೋಡಣೆಯ ಕಾಲದ ಸ್ಥಿತಿಯನ್ನು ಕೆಲಸ ಮುಗಿದ ಮೇಲೂ ಮುಚ್ಚದಿದ್ದರೆ, ಹೊಸದಾಗಿ ಬಂದು ಬೇಡಿದ ಸಾಧನಕ್ಕೂ ಕಂಟ್ರೋಲರು ರಹಸ್ಯವನ್ನು ಧಾರೆಯೆರೆಯಬಹುದು.

ಈ ಕಸುಬಿನಲ್ಲಿರುವ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಹಿರಿಯರು ಕೇಳಿ ನೋಡಿರಿ: ಮೊದಲಿನ ಸಂಖ್ಯೆಯನ್ನು ಬದಲಿಸಿದೆಯಾ ಮಗೂ? ಜೋಡಣೆಯ ಸ್ಥಿತಿಯನ್ನು ಮುಚ್ಚಿ ಬಂದೆಯಾ?