ರೇಯಾನ್ ಎಳೆಯೂ ಕಾರ್ಮಿಕನ ಉಸಿರೂ



ತೋಪುಗಳಿಂದ ಲಾರಿಯೇರುವ ನೀಲಗಿರಿಯ ಒಂದು ಪಾಲು ರೇಯಾನ್ ನೂಲಾಗುತ್ತದೆ. ಮರದ ತಿರುಳನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್‌ಗಳಿಂದ ಸಂಸ್ಕರಿಸಿದಾಗ ಜೇನಿನಂತಹ ವಿಸ್ಕೋಸ್ ದೊರೆಯುತ್ತದೆ. ಅತಿಸೂಕ್ಷ್ಮ ರಂಧ್ರಗಳ ಮೂಲಕ ಗಂಧಕಾಮ್ಲದ ತೊಟ್ಟಿಗಿಳಿದು ಅದು ಎಳೆಗಟ್ಟುತ್ತದೆ.

ಒಂದು ಕಣ ಕಸ ಅಥವಾ ಗಾಳಿಗುಳ್ಳೆ ಉಳಿದರೂ ಎಳೆ ತುಂಡಾಗುತ್ತದೆ. ಆದುದರಿಂದ ವಿಸ್ಕೋಸನ್ನು ಹಲವು ಬಾರಿ ಸೋಸಿ, ನಿರ್ವಾತದಲ್ಲಿ ಗಾಳಿಯನ್ನು ಹೊರತೆಗೆಯಬೇಕು. ವೇಗದ ಯಂತ್ರಕ್ಕೆ ಈ ಎಚ್ಚರ ಇನ್ನೂ ಅಗತ್ಯ.

ಎಳೆ ತುಂಡಾದಾಗಲೆಲ್ಲ ಕಾರ್ಮಿಕನು ಯಂತ್ರದ ಮರೆ ತೆರೆದು ಅದನ್ನು ಮತ್ತೆ ಹಚ್ಚಬೇಕು. ಆಗ ಮುಖಕ್ಕೆ ಬಡಿಯುವ ಕಾರ್ಬನ್ ಡೈಸಲ್ಫೈಡ್ ಆವಿಯು ವರ್ಷಗಳು ಕಳೆದಂತೆ ನರಗಳನ್ನೂ ಹೃದಯವನ್ನೂ ಕೆಡಿಸಬಲ್ಲುದು. ಫ್ರಾನ್ಸಿನ ವೈದ್ಯ ಡೆಲ್ಪೆಶ್ ರಬ್ಬರ್ ಕಾರ್ಮಿಕರಲ್ಲಿ ಈ ವಿಷದ ಪರಿಣಾಮವನ್ನು 1856ರಲ್ಲಿಯೇ ಗುರುತಿಸಿದ್ದರು.

ಸೋಸುವುದರಲ್ಲಿ ಉಳಿಸಿದ ಹಣದ ಬೆಲೆಯನ್ನು ಕಾರ್ಮಿಕನ ದೇಹ ತೆರಬೇಕಾಗುತ್ತದೆ. ದಿನಕ್ಕೆ ಎಳೆ ಎಷ್ಟು ಬಾರಿ ಹರಿಯಿತು, ಮರೆ ಎಷ್ಟು ಬಾರಿ ತೆರೆಯಿತು ಎಂಬ ಲೆಕ್ಕವನ್ನು ಮರ ಕೊಟ್ಟ ಊರೂ ಕೇಳಬೇಕು.