ಕಪಿಲೆಯಲ್ಲಿ ಬಿಟ್ಟ ದೀಪ

ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ಕೇಳುಗರೇ, ಕ್ಯಾನ್ಸರ್ ಅಂದ ಕೂಡಲೇ ರೇಡಿಯೋ ಆರಿಸಬೇಡಿ, ಸ್ವಲ್ಪ ಕೇಳಿ.

1869. ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡ ಮರುವರ್ಷ. ಅತ್ತ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಥಾಮಸ್ ಆಶ್‌ವರ್ತ್ ಎಂಬ ವೈದ್ಯನ ಮುಂದೆ ಒಬ್ಬ ಕ್ಯಾನ್ಸರ್ ರೋಗಿಯ ಶವ. ಎದೆ, ಹೊಟ್ಟೆಯ ಚರ್ಮದಡಿ ಮೂವತ್ತರಷ್ಟು ಗಂಟು. ಬೇರೆಯವರಾಗಿದ್ದರೆ ಗಂಟು ಕೊಯ್ದು, ವರದಿ ಬರೆದು, ಕೈತೊಳೆದುಕೊಳ್ಳುತ್ತಿದ್ದರೇನೋ. ಈ ಪುಣ್ಯಾತ್ಮ ಕಾಲಿನ ರಕ್ತನಾಳದಿಂದ ರಕ್ತ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟ. ಅದೂ ಚೆನ್ನಾಗಿದ್ದ ಕಾಲು! ಗಂಟಿನಲ್ಲಿದ್ದಂಥವೇ ಜೀವಕೋಶಗಳು ಅಲ್ಲೂ ಕಂಡವು. ನಂಜನಗೂಡಿನಲ್ಲಿ ಕಪಿಲೆಗೆ ಬಿಟ್ಟ ದೀಪ ನರಸೀಪುರದ ಸಂಗಮದಲ್ಲಿ ಸಿಕ್ಕರೆ, ಹೊಳೆಯುದ್ದಕ್ಕೂ ತೇಲಿ ಬಂತು ಅಂತ ತಾನೇ? ಆಶ್‌ವರ್ತನ ತರ್ಕವೂ ಅದೇ. ಇವು ಗಡ್ಡೆಯಿಂದ ಹೊರಟಿದ್ದರೆ ಮೈಯೊಳಗಿನ ರಕ್ತದ ದಾರಿಯ ಬಹುಭಾಗ ಸುತ್ತಿಯೇ ಈ ಕಾಲಿಗೆ ಬಂದಿರಬೇಕು. ಒಬ್ಬನ ಮೈಮೇಲೆ ಅಷ್ಟೊಂದು ಗಂಟು ಎದ್ದದ್ದು ಹೇಗೆ ಎನ್ನುವುದಕ್ಕೂ ಇಲ್ಲೇ ಸುಳಿವಿರಬಹುದು ಅಂತ ಬರೆದ. ಒಂದೇ ಒಂದು ಶವದಿಂದ ಇಷ್ಟು ದೂರ ಯೋಚಿಸಿದವನನ್ನು ಯಾರೂ ನೆನೆಯುವುದಿಲ್ಲವಲ್ಲ ಅಂತ ನನಗೆ ಈಗಲೂ ಹೊಟ್ಟೆಯುರಿ.

ಆಮೇಲೆ ನೂರು ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಆಗುವುದಾದರೂ ಹೇಗೆ? ಒಂದು ಮಿಲಿಲೀಟರ್ ರಕ್ತದಲ್ಲಿ ಕೆಂಪುಕಣಗಳೇ 500 ಕೋಟಿಯಷ್ಟು. ಅವುಗಳ ನಡುವೆ ಇಂಥ ಕ್ಯಾನ್ಸರ್ ಕೋಶ ಒಂದೋ ಎರಡೋ. ಕೊನೆಗೆ ಕಬ್ಬಿಣದ ಅತಿಸಣ್ಣ ಕಣಗಳಿಗೆ ಪ್ರತಿಕಾಯ ಲೇಪಿಸಿ, ಅವು ಕ್ಯಾನ್ಸರ್ ಕೋಶಕ್ಕೆ ಅಂಟಿಕೊಂಡ ಮೇಲೆ ಅಯಸ್ಕಾಂತದಿಂದ ಎಳೆದು ತೆಗೆಯುವ ಉಪಾಯ ಹೊಳೆಯಿತು. 2004ರಲ್ಲಿ ಅಮೆರಿಕದಲ್ಲಿ ಇದೇ ಉಪಾಯದ ಸೆಲ್‌ಸರ್ಚ್ ಯಂತ್ರಕ್ಕೆ ಒಪ್ಪಿಗೆ ಸಿಕ್ಕಿತು. ಮೈಗೆ ಹರಡಿದ ಸ್ತನ ಕ್ಯಾನ್ಸರಿನಲ್ಲಿ 7.5 ಮಿಲಿಲೀಟರ್ ರಕ್ತಕ್ಕೆ 5 ಕೋಶ, ಇಲ್ಲವೇ ಅದಕ್ಕಿಂತ ಹೆಚ್ಚು ಸಿಕ್ಕರೆ ರೋಗ ಜೋರು ಅಂತ ಲೆಕ್ಕ.

ಕಿಮೋ ಶುರುವಾದ ಮೇಲೂ ಈ ಎಣಿಕೆ ಇಳಿಯದಿದ್ದರೆ ತಕ್ಷಣ ಕಿಮೋ ಔಷಧಿ ಬದಲಿಸೋಣ ಅಂದರು ವೈದ್ಯರು. 2014ರಲ್ಲಿ ಫಲಿತಾಂಶ ಬಂತು: ಬದಲಿಸಿದವರ ಆಯಸ್ಸೇನೂ ಹೆಚ್ಚಲಿಲ್ಲ. ಎಣಿಸಿದರೆ ಸಾಲದು, ಕೋಶದೊಳಗೆ ಏನಿದೆ ಅಂತ ನೋಡಬೇಕು. ಅದೇ ವರ್ಷ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನವರು ನೋಡಿದರು. ರಕ್ತದಲ್ಲಿ ಸಿಕ್ಕ ಪ್ರಾಸ್ಟೇಟ್ ಕ್ಯಾನ್ಸರಿನ ಕೋಶದಲ್ಲಿ ಎಆರ್-ವಿ7 ಎಂಬ ಗುರುತಿದ್ದರೆ ಎನ್‌ಜಲುಟಮೈಡ್, ಅಬಿರಾಟೆರೋನ್ ಮಾತ್ರೆಗಳು ಹೆಚ್ಚುಕಡಿಮೆ ದಂಡ. ಅಂಥವರಿಗೆ ಕಿಮೋನೇ ವಾಸಿ ಅಂತ ಆಮೇಲೆ ಕಂಡಿತು. ಹೊಲ ಮಾರಿ ಮಾತ್ರೆ ಕೊಳ್ಳುವ ಮೊದಲೇ ಇದು ಗೊತ್ತಾದರೆ ಸಣ್ಣ ಮಾತೇ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನ್ನಪೂರ್ಣಿ ರಂಗರಾಜನ್ ಅವರ ಬಳಗ ಇನ್ನೊಂದು ತುದಿಯಿಂದ ಹುಡುಕುತ್ತಿದೆ: ಗಡ್ಡೆಯಿಂದ ಕಳಚಿಕೊಂಡ ಕೋಶ ಸಾಯಬೇಕಿತ್ತು, ಬದುಕುವುದು ಹೇಗೆ? ಎಎಂಪಿಕೆ ಎಂಬ ಕಿಣ್ವ ಅದನ್ನು ಕಾಯುತ್ತದಂತೆ.

ನಮ್ಮ ಕಡೆಯವರಿಗೆ ಕ್ಯಾನ್ಸರ್ ಅಂದರೆ ನಸುಕಿನ ಬಸ್ಸು ಹತ್ತಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು. ಸೆಲ್‌ಸರ್ಚ್ ಕೊಳವೆಯಲ್ಲಿ ಹಾಕಿದ ರಕ್ತ ಐಸ್ ಇಲ್ಲದೆಯೂ 96 ಗಂಟೆ ಇರುತ್ತದೆ. ರೋಗಿ ಮನೆಯಲ್ಲೇ ಇದ್ದು ರಕ್ತವಷ್ಟೇ ಬೆಂಗಳೂರಿಗೆ ಹೋಗುವುದು ಕನಸಲ್ಲ. ಆದರೆ ಈ ರಕ್ತಪರೀಕ್ಷೆ, ಗಡ್ಡೆಯ ಚೂರು ತೆಗೆದು ನೋಡುವ ಬಯಾಪ್ಸಿಗೆ ಬದಲಿ ಅಲ್ಲ. ಎಲೆಅಡಿಕೆ, ಹೊಗೆಸೊಪ್ಪು ಹಾಕುವ ಅಜ್ಜಿಯ ಬಾಯಲ್ಲಿ ಮಾಯದ ಹುಣ್ಣಿದ್ದರೆ ಈ ಪರೀಕ್ಷೆಗೆ ಕಾಯಬೇಡಿ, ಈ ವಾರವೇ ಡಾಕ್ಟರಿಗೆ ತೋರಿಸಿ.