ಹಾಸಿಗೆಯ ಬಳಿ ಹುಟ್ಟಿದ ಪ್ರಶ್ನೆ

ನಮ್ಮ ಬೀದಿಯ ತರುಣಿಯೊಬ್ಬಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ನಾಲ್ಕು ವರ್ಷಗಳಿಂದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ವೈದ್ಯಕೀಯ ಸಂಶೋಧನೆಯತ್ತ ಅವಳ ಒಲವು. "ಮೇಷ್ಟ್ರೇ, ಮೊದಲಿನಿಂದ ಎಂ.ಬಿ.ಬಿ.ಎಸ್. ಓದಲೇ, ಇರುವ ಹಾದಿಯಲ್ಲೇ ಮುಂದುವರಿಯಲೇ?" ಎಂದು ಒಮ್ಮೆ ಕೇಳಿದಳು. ಕನ್ನಡ ಪಾಠ ಹೇಳಿದ ನನಗೆ ಆ ವಿಷಯ ಏನು ತಿಳಿದಿತ್ತು? ಆದರೂ ಹಿರಿತನದ ಹಮ್ಮಿನಿಂದ, "ಡಾಕ್ಟರಾಗದೆ ಎಲ್ಲಿಯ ಸಂಶೋಧನೆಯಮ್ಮಾ?" ಎಂದುಬಿಟ್ಟೆ. ಅವಳ ಮುಖ ಬಾಡಿತು. ಮನೆಯ ಭಾರವೆಲ್ಲ ಅವಳ ಸಂಬಳದ ಮೇಲಿತ್ತು. ನನ್ನ ಆ ಮಾತು ದುಡುಕಿನದೆಂದು ಆಮೇಲೆ ತಿಳಿಯಿತು.

ತಿಳಿಸಿಕೊಟ್ಟದ್ದು ಸಿಸಿಲಿ ಸಾಂಡರ್ಸ್ ಎಂಬ ಆಂಗ್ಲ ಮಹಿಳೆಯ ಜೀವನ. 1940ರಲ್ಲಿ ಆಕ್ಸ್‌ಫರ್ಡಿನ ಓದನ್ನು ನಿಲ್ಲಿಸಿ ಅವರು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷೆ ಕಲಿತರು. ಬೆನ್ನುನೋವು ಆ ವೃತ್ತಿಯನ್ನು ಬಿಡಿಸಿತು, ಆಸ್ಪತ್ರೆಯ ಸಮಾಜಕಾರ್ಯಕರ್ತೆಯಾದರು. 1948ರಲ್ಲಿ, ಕ್ಯಾನ್ಸರಿನಿಂದ ಸಾಯುತ್ತಿದ್ದ ಡೇವಿಡ್ ಟಾಸ್ಮಾ ಎಂಬ ರೋಗಿಯ ಒಡನಾಟ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಸಾಯುವವರು ಇಷ್ಟೊಂದು ನೋಯಲೇಬೇಕೆ? ಈ ಪ್ರಶ್ನೆ ಅವರನ್ನು ಬಿಡಲಿಲ್ಲ. ಬಿಡುವಿನ ವೇಳೆ ಸೇಂಟ್ ಲೂಕ್ಸ್ ಆಸ್ಪತ್ರೆಗೆ ಸೇವೆಗೆ ಹೋದಾಗ, ನೋವು ಮರುಕಳಿಸುವ ಮುನ್ನವೇ ಹೊತ್ತುಹೊತ್ತಿಗೆ ಔಷಧ ಕೊಡುವ ರೂಢಿಯನ್ನು ಅಲ್ಲಿ ಕಂಡರು. ಇತರೆಡೆ ರೋಗಿ ನರಳಿ ಬೇಡಿದ ಮೇಲೆಯೇ ಔಷಧ. ಈ ಅಂತರವನ್ನು ಗುರುತಿಸಿದ್ದು ಶುಶ್ರೂಷಕಿಯ ಕಣ್ಣು.

ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ ಅವರ ಸಲಹೆಯಂತೆ ವೈದ್ಯಶಾಸ್ತ್ರ ಓದಿ, 1957ರಲ್ಲಿ, ನಲವತ್ತರ ಹೊಸ್ತಿಲಲ್ಲಿ ಅವರು ವೈದ್ಯೆಯಾದರು. ಮರುವರ್ಷದಿಂದ ಸೇಂಟ್ ಜೋಸೆಫ್ಸ್ ಆಶ್ರಯಧಾಮದಲ್ಲಿ ರೋಗಿಗಳ ಮಾತು, ಕೊಟ್ಟ ಔಷಧ, ಅದರ ಪರಿಣಾಮಗಳನ್ನು ದಾಖಲಿಸುತ್ತ ನೋವಿನ ಶಮನವನ್ನು ಅಭ್ಯಸಿಸಿದರು. 1967ರಲ್ಲಿ ಅವರ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮ ತೆರೆಯಿತು.

"ಕೊನೆಗೆ ಅವರೂ ಡಾಕ್ಟರಾಗಬೇಕಾಯಿತಲ್ಲ!" ಎನ್ನುವಿರಿ. ನಿಜ. ಔಷಧ ಯಾವಾಗ, ಎಷ್ಟು ಎಂಬುದನ್ನು ನಿರ್ಧರಿಸುವ ಅಧಿಕಾರ ಅವರ ಪ್ರಶ್ನೆಗೆ ಬೇಕಿತ್ತು. ಎಲ್ಲ ಪ್ರಶ್ನೆಗೂ ಅದು ಬೇಕಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಸೈನಿಕರ ಸಾವುಗಳ ಲೆಕ್ಕವನ್ನೇ ಸಾಕ್ಷಿಯಾಗಿಸಿದರು; 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾದರು. ಅವರು ವೈದ್ಯೆಯಾಗಿರಲಿಲ್ಲ.

ಆದ್ದರಿಂದ ಮೊದಲು ಪ್ರಶ್ನೆ, ಆಮೇಲೆ ಪದವಿ. ಚಿಕಿತ್ಸೆಯನ್ನು ತಾನೇ ನಿರ್ಧರಿಸಬೇಕೆನ್ನುವವಳಿಗೆ ಎಂ.ಬಿ.ಬಿ.ಎಸ್. ಬೇಕು: ನೀಟ್ ಪರೀಕ್ಷೆ, ಐದೂವರೆ ವರ್ಷಗಳ ವ್ಯಾಸಂಗ. ಆ ಪರೀಕ್ಷೆಯ ಗರಿಷ್ಠ ವಯೋಮಿತಿ 2022ರಲ್ಲಿ ರದ್ದಾಗಿದೆ. ಊರಿನಲ್ಲಿ ರೋಗ ಹೇಗೆ ಹರಡುತ್ತದೆಂದು ಅರಿಯಬಯಸುವವಳಿಗೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯುಂಟು. ಆರೈಕೆಯ ವಿಧಾನವೇ ಪ್ರಶ್ನೆಯಾದರೆ ಎರಡು ವರ್ಷಗಳ ಎಂ.ಎಸ್ಸಿ. ನರ್ಸಿಂಗ್, ಅನಂತರ ಪಿಎಚ್.ಡಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೇ ಮನೋರೋಗಿಗಳ ಶುಶ್ರೂಷೆಯಲ್ಲಿ ಇಂತಹ ವ್ಯಾಸಂಗಕ್ಕೆ ಅವಕಾಶವಿದೆ.

ಕಳೆದ ವಾರ ಆ ಹುಡುಗಿಯನ್ನು ಕರೆದು, "ನಿನ್ನನ್ನು ಕಾಡುವ ಪ್ರಶ್ನೆ ಯಾವುದಮ್ಮಾ?" ಎಂದು ಕೇಳಿದೆ. ಅವಳು ತಡವರಿಸದೆ ಹೇಳಿದಳು: "ವಯಸ್ಸಾದವರು ಶಸ್ತ್ರಚಿಕಿತ್ಸೆಯ ನಂತರ ನೋವಿದ್ದರೂ ರಾತ್ರಿ ನಮ್ಮನ್ನು ಕರೆಯುವುದಿಲ್ಲ ಮೇಷ್ಟ್ರೇ, ಪಾಪ ಹುಡುಗಿಗೇಕೆ ತೊಂದರೆ ಎಂದು. ಹೇಳದ ನೋವನ್ನು ನಾವು ತಿಳಿಯುವುದು ಹೇಗೆ?"

ನನ್ನ ಮೊದಲ ಉತ್ತರವನ್ನು ಹಿಂತೆಗೆದುಕೊಂಡೆ. ಸಂಬಳದಲ್ಲಿ ಅಷ್ಟಿಷ್ಟು ಉಳಿಸಿ ಎಂ.ಎಸ್ಸಿ.ಗೆ ಸೇರುವ ಸಿದ್ಧತೆಯಲ್ಲಿದ್ದಾಳೆ. ರಾತ್ರಿಪಾಳಿಯಲ್ಲಿ ಕಂಡದ್ದನ್ನು ಈಗಾಗಲೇ ನೋಟುಪುಸ್ತಕವೊಂದರಲ್ಲಿ ಬರೆದಿಡುತ್ತಿದ್ದಾಳೆ.